ಡಾಕ್ಟರ್ ದೂರ, ದುಡ್ಡು ಕಡಿಮೆ: ಸಾಕಿದ ಪ್ರಾಣಿಗೆ ಚಿಕಿತ್ಸೆ ದಕ್ಕಿಸಿಕೊಳ್ಳುವುದು ಹೇಗೆ?

ರಾತ್ರಿ ಹನ್ನೊಂದು ಗಂಟೆಗೆ ಫೋನ್. ‘ಮರಿ ಮೂರು ದಿನದಿಂದ ಏನೂ ತಿಂದಿಲ್ಲ. ಈಗ ರಕ್ತಭೇದಿ ಆಗ್ತಿದೆ. ಏನು ಮಾಡೋದು?’

ಇಂಥ ಕರೆ ನನಗೆ ಹೊಸದಲ್ಲ. ನಾನು ಪಶುವೈದ್ಯನಲ್ಲ. ಅಕ್ಕಪಕ್ಕದವರ ನಾಯಿ ಬೆಕ್ಕುಗಳನ್ನು ಹೊತ್ತುಕೊಂಡು ಹೋಗಿ, ಆಸ್ಪತ್ರೆಯ ಬಾಗಿಲು ಕಾದು ಕಾದು ಒಂದಿಷ್ಟು ಕಲಿತವನು, ಅಷ್ಟೇ. ‘ಮೂರು ದಿನ ಯಾಕೆ ಸುಮ್ನಿದ್ರಿ?’ ಅಂತ ಮೊದಮೊದಲು ಕೇಳುತ್ತಿದ್ದೆ. ಈಗ ಕೇಳುವುದಿಲ್ಲ. ಉತ್ತರ ಗೊತ್ತು. ಕೈಯಲ್ಲಿ ದುಡ್ಡಿರಲಿಲ್ಲ. ಪ್ರಾಣಿಯನ್ನು ಹತ್ತಿಸಿಕೊಳ್ಳುವ ಗಾಡಿ ಸಿಗಲಿಲ್ಲ. ಎಲ್ಲಿಗೆ ಹೋಗಬೇಕೆಂದೇ ಗೊತ್ತಿರಲಿಲ್ಲ. ಇನ್ನೊಂದು ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ಡಾಕ್ಟರ್ ಬೈದರೆ ಅನ್ನುವ ಅಂಜಿಕೆ.

‘ಖರ್ಚು ಮಾಡೋಕೆ ಆಗದಿದ್ದರೆ ಪ್ರಾಣಿ ಯಾಕೆ ಸಾಕಬೇಕು?’ ಅನ್ನುವವರು ಎಲ್ಲ ಕಡೆ ಇದ್ದಾರೆ. ಅವರಿಗೆ ಒಂದು ಮಾತು. ಅಮೆರಿಕದಂಥ ದೇಶದಲ್ಲೇ ಟೆನೆಸ್ಸೀ ವಿಶ್ವವಿದ್ಯಾಲಯದವರು ಮಾಡಿದ ಸಮೀಕ್ಷೆ 2018ರಲ್ಲಿ ಹೊರಬಂತು. ಪ್ರಾಣಿ ಸಾಕಿದ ಪ್ರತಿ ನಾಲ್ಕು ಮನೆಗಳಲ್ಲಿ ಒಂದಕ್ಕಿಂತ ಜಾಸ್ತಿ ಮನೆಗಳಿಗೆ ಹಿಂದಿನ ಎರಡು ವರ್ಷಗಳಲ್ಲಿ ಚಿಕಿತ್ಸೆ ಕೊಡಿಸುವುದಕ್ಕೆ ಏನಾದರೊಂದು ಅಡ್ಡಿ ಬಂದಿತ್ತು. ದೊಡ್ಡ ಅಡ್ಡಿ ಹಣವೇ. ಅಂದರೆ ಇದು ನಾಲ್ಕು ಜನ ಬೇಜವಾಬ್ದಾರಿಗಳ ಕಥೆಯಲ್ಲ.

ಕಾಯಿಲೆ ಶುರುವಾದ ಗಳಿಗೆಗೂ ಡಾಕ್ಟರ್ ಕೈ ಮುಟ್ಟುವ ಗಳಿಗೆಗೂ ನಡುವೆ ಇರುವ ಆ ಮೂರು ದಿನವನ್ನು ಕಡಿಮೆ ಮಾಡುವುದು ಹೇಗೆ ಅಂತ ಇಲ್ಲಿ ಹೇಳುತ್ತೇನೆ. ಅದರ ಬಹುಪಾಲು ಕೆಲಸ ಪ್ರಾಣಿ ಚೆನ್ನಾಗಿದ್ದಾಗಲೇ ಆಗಬೇಕು.

ಹೆಜ್ಜೆ 1: ಕಾಯಿಲೆ ಬರುವ ಮೊದಲೇ ಬಾಗಿಲು ಹುಡುಕಿಡಿ

ಒಂದು ದಿನ ಬಿಡುವು ಮಾಡಿಕೊಂಡು ನಿಮಗೆ ತಲುಪಲು ಆಗುವ ಜಾಗಗಳನ್ನೆಲ್ಲ ಪಟ್ಟಿ ಮಾಡಿ. ಸರ್ಕಾರಿ ಪಶು ಆಸ್ಪತ್ರೆ, ಖಾಸಗಿ ಕ್ಲಿನಿಕ್, ಪ್ರಾಣಿದಯಾ ಸಂಘಗಳ ಚಿಕಿತ್ಸಾಲಯ, ಸಂಚಾರಿ ವಾಹನ. ಪಶುವೈದ್ಯ ಕಾಲೇಜಿನ ಆಸ್ಪತ್ರೆಯನ್ನು ಬಹಳ ಜನ ಮರೆಯುತ್ತಾರೆ. ಅಲ್ಲಿ ಮೇಷ್ಟ್ರ ಕಣ್ಣೆದುರಿಗೇ ವಿದ್ಯಾರ್ಥಿಗಳು ನೋಡುತ್ತಾರೆ. ಹೊತ್ತು ಹಿಡಿಯುತ್ತದೆ, ಆದರೆ ಸಾಮಾನ್ಯವಾಗಿ ಖರ್ಚು ಕಡಿಮೆ, ನೋಡುವ ಕಣ್ಣುಗಳು ಜಾಸ್ತಿ.

ಪ್ರತಿ ಜಾಗಕ್ಕೂ ಫೋನ್ ಮಾಡಿ ಇಷ್ಟು ಕೇಳಿ:

- ನಾಯಿ ಬೆಕ್ಕು ನೋಡ್ತೀರಾ, ಬರೀ ದನ ಕುರಿ ಮಾತ್ರನಾ?
- ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ?
- ಬರೀ ನೋಡಿದ್ದಕ್ಕೆ ಎಷ್ಟಾಗುತ್ತದೆ? ಕಂತಿನಲ್ಲಿ ಕೊಡಬಹುದಾ?
- ರಾತ್ರಿ ಹೊತ್ತು ಏನಾದರೂ ಆದರೆ ಎಲ್ಲಿಗೆ ಹೋಗಬೇಕು?

ಉತ್ತರಗಳನ್ನು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿ. ಫೋನಿನಲ್ಲಿ ಮಾತ್ರ ಇಟ್ಟರೆ ಆ ಫೋನ್ ನಿಮ್ಮ ಜೊತೆ ಕೆಲಸಕ್ಕೆ ಹೋಗಿರುತ್ತದೆ, ನಾಯಿ ಮನೆಯಲ್ಲಿರುತ್ತದೆ. ಅಜ್ಜಿಗೋ ಮಗುವಿಗೋ ಕಾಣುವ ಹಾಗೆ ದಪ್ಪ ಅಕ್ಷರದಲ್ಲಿ ಬರೆಯಿರಿ.

ಆಮೇಲೆ ಗಾಡಿ. ಪ್ರಾಣಿಯನ್ನು ಹತ್ತಿಸಿಕೊಳ್ಳಲು ಒಪ್ಪುವ ಒಬ್ಬ ಚಾಲಕರನ್ನು ಮೊದಲೇ ಮಾತಾಡಿಸಿಡಿ. ಹಳೆಯ ಬೆಡ್‌ಶೀಟ್ ಹಾಸುತ್ತೇವೆ, ಗಲೀಜಾದರೆ ನಾವೇ ತೊಳೆದುಕೊಡುತ್ತೇವೆ ಅಂದರೆ ಎಷ್ಟೋ ಜನ ಒಪ್ಪುತ್ತಾರೆ. ಬೆಕ್ಕಿಗೆ ಮುಚ್ಚಳ ಇರುವ ಬುಟ್ಟಿ, ಇಲ್ಲವೇ ತೂತು ಮಾಡಿದ ಗಟ್ಟಿ ರಟ್ಟಿನ ಪೆಟ್ಟಿಗೆ ಸಾಕು. ಅದನ್ನು ಅಟ್ಟದ ಮೇಲಿಡಬೇಡಿ. ಬೆಕ್ಕು ಓಡಾಡುವ ಜಾಗದಲ್ಲೇ ತೆರೆದಿಡಿ, ಅದರೊಳಗೆ ಮಲಗಿ ಅಭ್ಯಾಸವಾಗಲಿ. ಆಸ್ಪತ್ರೆಗೆ ಹೊರಡುವ ದಿನ ಮಾತ್ರ ಹೊರಬರುವ ಪೆಟ್ಟಿಗೆಯನ್ನು ಕಂಡರೆ ಬೆಕ್ಕು ಮಂಚದ ಕೆಳಗೆ ಮಾಯ.

ನೋವಿನಲ್ಲಿರುವ ನಾಯಿ ಸಾಕಿದವರನ್ನೂ ಕಚ್ಚುತ್ತದೆ. ಅದು ದ್ರೋಹವಲ್ಲ, ನೋವು. ಉದ್ದನೆಯ ಬಟ್ಟೆ ಪಟ್ಟಿಯಲ್ಲಿ ಒಂದು ಸಡಿಲ ಗಂಟಿನ ಕುಣಿಕೆ ಮಾಡಿ ಮೂತಿಗೆ ಹಾಕಿ ಎಳೆಯಿರಿ. ಎರಡೂ ತುದಿಯನ್ನು ಗದ್ದದ ಕೆಳಗೆ ಅಡ್ಡ ಹಾಯಿಸಿ, ಕಿವಿಯ ಹಿಂದೆ ಬಿಚ್ಚಲು ಸುಲಭವಾಗುವ ಹಾಗೆ ಕಟ್ಟಿ. ವಾಂತಿ ಮಾಡುತ್ತಿರುವ, ಏದುಸಿರು ಬಿಡುತ್ತಿರುವ ಅಥವಾ ಚಪ್ಪಟೆ ಮೂತಿಯ ನಾಯಿಗೆ ಮಾತ್ರ ಇದನ್ನು ಕಟ್ಟಬಾರದು. ಉಸಿರು ಕಟ್ಟುತ್ತದೆ.

ಹೆಜ್ಜೆ 2: ಒಂದು ನೋಟ್‌ಬುಕ್

ಹಳೆಯ ನೋಟ್‌ಬುಕ್ಕೇ ಸಾಕು. ಹುಟ್ಟಿದ ಅಂದಾಜು ದಿನ, ಹಾಕಿಸಿದ ಲಸಿಕೆ, ಕೊಟ್ಟ ಜಂತುಹುಳು ಔಷಧ, ಬೆದೆಗೆ ಬಂದ ತಿಂಗಳು, ತೂಕ. ಇದರಲ್ಲಿ ತೂಕ ಬಹಳ ಮುಖ್ಯ. ಪ್ರಾಣಿಗಳ ಬಹುಪಾಲು ಔಷಧವನ್ನು ಕೆಜಿ ಲೆಕ್ಕದಲ್ಲೇ ಕೊಡುವುದು. ಪ್ರಾಣಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲಿ, ಆಮೇಲೆ ನೀವೊಬ್ಬರೇ ನಿಲ್ಲಿ, ಕಳೆಯಿರಿ. ಅಷ್ಟೇ.

ಪ್ರಾಣಿ ಆರಾಮಾಗಿದ್ದಾಗ ಅದರ ಸಹಜ ಸ್ಥಿತಿಯನ್ನೂ ಬರೆದಿಡಿ. ನಿದ್ದೆಯಲ್ಲಿದ್ದಾಗ ಒಂದು ನಿಮಿಷಕ್ಕೆ ಎಷ್ಟು ಸಲ ಎದೆ ಏರಿಳಿಯುತ್ತದೆ ಎಣಿಸಿ. ನಾಯಿಯಾಗಲಿ ಬೆಕ್ಕಾಗಲಿ 30ಕ್ಕಿಂತ ಕಡಿಮೆ ಇರಬೇಕು. ತುಟಿ ಎತ್ತಿ ವಸಡು ನೋಡಿ. ತಿಳಿ ಗುಲಾಬಿ ಬಣ್ಣ ಇರುತ್ತದೆ, ಕೆಲವಕ್ಕೆ ಕಪ್ಪು ಮಚ್ಚೆಯೂ ಇರಬಹುದು. ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಚಿಕೊಂಡ ಜಾಗಕ್ಕೆ ಎರಡು ಸೆಕೆಂಡಿನೊಳಗೆ ಬಣ್ಣ ವಾಪಸ್ ಬರಬೇಕು. ಮೈಬಿಸಿ ಸುಮಾರು 38ರಿಂದ 39.2 ಡಿಗ್ರಿ ಸೆಲ್ಸಿಯಸ್. ನಮಗಿಂತ ಜಾಸ್ತಿ. ಹಾಗಾಗಿ ಕೈಯಿಟ್ಟು ನೋಡಿ ‘ಜ್ವರ ಇದೆ’ ಅನ್ನುವುದು ಬಹಳ ಸಲ ತಪ್ಪಾಗುತ್ತದೆ. ಮೂಗು ಒಣಗಿದೆಯಾ ಹಸಿಯಾಗಿದೆಯಾ ಅನ್ನುವುದರಿಂದಲೂ ಏನೂ ತಿಳಿಯುವುದಿಲ್ಲ.

ಹೆಜ್ಜೆ 3: ಇರುವ ದುಡ್ಡನ್ನು ಮೊದಲು ಎಲ್ಲಿ ಹಾಕಬೇಕು?

ಬೆಲ್ಟು, ಶಾಂಪೂ, ಬಣ್ಣದ ಪೊಟ್ಟಣದ ಬಿಸ್ಕತ್ತು ಎಲ್ಲ ಆಮೇಲೆ. ಕೈ ಬಿಗಿಯಾಗಿದ್ದರೆ ನನ್ನ ಸಾಲು ಹೀಗೆ: ರೇಬೀಸ್ ಲಸಿಕೆ, ಮರಿಗಳ ಲಸಿಕೆ, ಜಂತುಹುಳು ಔಷಧ, ಸಂತಾನಹರಣ ಚಿಕಿತ್ಸೆ. ಎಲ್ಲರೂ ಇದನ್ನು ಒಪ್ಪಲಿಕ್ಕಿಲ್ಲ. ಕೊನೆಯದನ್ನು ಮೊದಲಿಗೆ ತರಬೇಕು ಅನ್ನುವವರೂ ಇದ್ದಾರೆ.

ರೇಬೀಸ್ ಯಾಕೆ ಮೊದಲು? ಲಕ್ಷಣ ಕಾಣಿಸಿಕೊಂಡ ಮೇಲೆ ಈ ರೋಗದಿಂದ ಬದುಕುವುದು ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ, ಪ್ರಾಣಿಯಾದರೂ ಮನುಷ್ಯರಾದರೂ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ವರ್ಷಕ್ಕೆ ಸುಮಾರು 59,000 ಜನ ಇದರಿಂದ ಸಾಯುತ್ತಾರೆ. ಮನುಷ್ಯರಿಗೆ ಬರುವ ಪ್ರಕರಣಗಳಲ್ಲಿ ನೂರಕ್ಕೆ 99ರವರೆಗೆ ನಾಯಿಯಿಂದಲೇ ಬರುವುದು. ಸಾಯುವವರಲ್ಲಿ ಸುಮಾರು ನೂರಕ್ಕೆ 40 ಮಂದಿ ಹದಿನೈದು ವರ್ಷದೊಳಗಿನ ಮಕ್ಕಳು. ಇಂಥ ರೋಗವನ್ನು ಒಂದು ಸಣ್ಣ ಇಂಜೆಕ್ಷನ್ ತಡೆಯುತ್ತದೆ. ಎಷ್ಟೋ ಕಡೆ ಇದನ್ನು ಉಚಿತವಾಗಿಯೇ ಹಾಕುತ್ತಾರೆ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ, ಲೂಯಿ ಪಾಶ್ಚರ್ ತೀರಿಕೊಂಡ ದಿನ. ಆ ವಾರದ ಆಸುಪಾಸಿನಲ್ಲಿ ಬಹಳ ದೇಶಗಳಲ್ಲಿ ಲಸಿಕೆ ಶಿಬಿರ ನಡೆಯುತ್ತದೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಿ ವಿಚಾರಿಸಿ.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಯಾವ ನಾಯಿಯೋ ಬೆಕ್ಕೋ ಕಚ್ಚಿದರೂ ಪರಚಿದರೂ ತಕ್ಷಣ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡು ತೊಳೆಯಿರಿ, 15 ನಿಮಿಷ ನಾವಂದುಕೊಂಡದ್ದಕ್ಕಿಂತ ಬಹಳ ಉದ್ದ. ಪುಡಿ, ಎಣ್ಣೆ, ಸೊಪ್ಪಿನ ರಸ ಏನೂ ಬೇಡ. ಅಲ್ಲಿಂದ ಸೀದಾ ಮನುಷ್ಯರ ಆಸ್ಪತ್ರೆಗೆ. ಮನೆಯ ನಾಯಿಯೇ ಅಲ್ವಾ ಅಂತ ಬಿಡಬೇಡಿ.

ಮರಿಗಳ ಲಸಿಕೆಯ ವಿಷಯದಲ್ಲಿ ತುಂಬ ಗೊಂದಲ ಇದೆ. ‘ಒಂದು ಇಂಜೆಕ್ಷನ್ ಹಾಕ್ಸಿದ್ವಲ್ಲ, ಆದರೂ ಪಾರ್ವೋ ಬಂತು’ ಅನ್ನುವುದನ್ನು ಎಷ್ಟು ಸಲ ಕೇಳಿದ್ದೇನೋ. ಪಾರ್ವೋ ಅಂದರೆ ಮರಿಗಳಿಗೆ ವಾಂತಿ, ರಕ್ತಭೇದಿ ತರುವ ವೈರಸ್ ರೋಗ. ಆಗುವುದು ಹೀಗೆ. ತಾಯಿಯ ಹಾಲಿನಿಂದ ಮರಿಗೆ ಒಂದಿಷ್ಟು ರಕ್ಷಣೆ ಬಂದಿರುತ್ತದೆ. ಆ ರಕ್ಷಣೆ ಇರುವಷ್ಟು ದಿನ ಅದು ಲಸಿಕೆಯನ್ನೂ ಹೊಡೆದುಹಾಕುತ್ತದೆ. ಯಾವ ಮರಿಯಲ್ಲಿ ಅದು ಯಾವ ವಾರ ಇಳಿಯುತ್ತದೆ ಅಂತ ಹೊರಗಿನಿಂದ ಹೇಳಲಾಗದು. ಅದಕ್ಕೇ ಆರು–ಎಂಟು ವಾರಕ್ಕೆ ಶುರುಮಾಡಿ, ಎರಡರಿಂದ ನಾಲ್ಕು ವಾರಕ್ಕೊಮ್ಮೆ, 16 ವಾರ ತುಂಬುವವರೆಗೂ ಹಾಕುತ್ತಾರೆ. ಮೊದಲನೆಯದನ್ನು ಹಾಕಿಸಿ ಉಳಿದದ್ದನ್ನು ಬಿಟ್ಟರೆ ದುಡ್ಡು ನೀರಿಗೆ ಹಾಕಿದ ಹಾಗೆ ಆಗಬಹುದು.

ಒಂದೇ ಒಂದು ಸಲ ಮಾತ್ರ ಹಾಕಿಸಲು ಸಾಧ್ಯ ಅನ್ನುವ ಪರಿಸ್ಥಿತಿಯಾದರೆ? ಜಗತ್ತಿನ ಸಣ್ಣ ಪ್ರಾಣಿಗಳ ವೈದ್ಯರ ಒಕ್ಕೂಟದ ಲಸಿಕೆ ಮಾರ್ಗಸೂಚಿ ಇದಕ್ಕೂ ಉತ್ತರ ಕೊಟ್ಟಿದೆ: ಆ ಒಂದನ್ನು 16 ವಾರ ತುಂಬಿದ ಮೇಲೆ ಹಾಕಿಸಿ. ಅಲ್ಲಿಯವರೆಗೆ ಮರಿಯನ್ನು ಬೀದಿಗೆ, ಬೇರೆ ನಾಯಿಗಳ ಹತ್ತಿರ ಬಿಡದೆ ಕಾಯಬೇಕು. ಪಾರ್ವೋ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ನಿಮ್ಮ ಚಪ್ಪಲಿಯಲ್ಲೇ ಮನೆಗೆ ಬರುತ್ತದೆ. ಮಾಮೂಲಿ ಫಿನಾಯಿಲ್‌ಗೆ ಅದು ಜಗ್ಗುವುದಿಲ್ಲ. ಜಾಗವನ್ನು ಮೊದಲು ಸೋಪಿನಿಂದ ತೊಳೆದು, ಆಮೇಲೆ ಬ್ಲೀಚ್ ಒಂದು ಪಾಲಿಗೆ ನೀರು ಮೂವತ್ತು ಪಾಲು ಬೆರೆಸಿ ಹತ್ತು ನಿಮಿಷ ಬಿಡಬೇಕು.

ಲಸಿಕೆಯನ್ನು ಅಂಗಡಿಯಿಂದ ತಂದು ನೀವೇ ಚುಚ್ಚಿದರೆ ಅಗ್ಗ ಅಂತ ಯಾರಾದರೂ ಹೇಳಿಯಾರು. ಲಸಿಕೆ 2ರಿಂದ 8 ಡಿಗ್ರಿ ತಂಪಿನಲ್ಲೇ ಇರಬೇಕು. ಜೇಬಿನಲ್ಲಿ ಒಂದು ಗಂಟೆ ಬಿಸಿಲು ಕಂಡ ಸೀಸೆಯೊಳಗೆ ಏನಿದೆ ಅಂತ ಹೇಳುವವರು ಯಾರು? ಮೇಲಾಗಿ ಆ ಚುಚ್ಚುವಿಕೆಗೆ ಸರ್ಟಿಫಿಕೇಟೂ ಇಲ್ಲ.

ಜಂತುಹುಳು ಔಷಧ ಅಗ್ಗ, ಕೆಲಸ ದೊಡ್ಡದು. ನಾಯಿಮರಿಗಳು ಹುಟ್ಟುವಾಗಲೇ ತಾಯಿಯಿಂದ ಹುಳು ಪಡೆದಿರುತ್ತವೆ. ಅದಕ್ಕೇ ಎರಡು ವಾರಕ್ಕೇ ಶುರುಮಾಡಿ ಎಂಟು ವಾರದವರೆಗೆ ಎರಡು ವಾರಕ್ಕೊಮ್ಮೆ ಕೊಡುವುದು, ತಾಯಿಗೂ ಜೊತೆಗೇ. ದುಂಡುಹುಳುವಿನ ಮೊಟ್ಟೆ ಮಣ್ಣಿನಲ್ಲಿ ಆಡುವ ಮಕ್ಕಳ ಬಾಯಿ ಸೇರಿದರೆ ಅಪರೂಪಕ್ಕೆ ಕಣ್ಣಿಗೇ ಕುತ್ತು ಬರುತ್ತದೆ. ಪ್ರಾಣಿಗೆ ಮಾಡುವ ಖರ್ಚು ಮಗುವಿಗೂ ಸೇರಿದ್ದು ಅಂತ ಮನೆಯವರನ್ನು ಒಪ್ಪಿಸಲು ಇದನ್ನು ಹೇಳಿ.

ಸಂತಾನಹರಣ ಚಿಕಿತ್ಸೆಯನ್ನು ಜನ ಮುಂದೂಡುತ್ತಲೇ ಇರುತ್ತಾರೆ. ಹೆಣ್ಣು ಬೆಕ್ಕು ನಾಲ್ಕು ತಿಂಗಳಿಗೇ ಗಬ್ಬವಾಗಬಹುದು. ಸುಮಾರು ಎರಡು ತಿಂಗಳಿಗೆ ಮರಿ ಹಾಕುತ್ತದೆ. ಮರಿಗಳಿಗೆ ಹಾಲು ಕೊಡುತ್ತಿರುವಾಗಲೇ ಮತ್ತೆ ಗಬ್ಬವಾಗಬಹುದು. ಲೆಕ್ಕ ನೀವೇ ಹಾಕಿ. ಚಿಕಿತ್ಸೆ ಮಾಡಿಸದ ಹೆಣ್ಣು ನಾಯಿಗೆ ವಯಸ್ಸಾದಂತೆ ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆ ಬರುತ್ತದೆ. ಬೆದೆ ಮುಗಿದ ಕೆಲವು ವಾರಗಳಲ್ಲಿ ತುಂಬ ನೀರು ಕುಡಿಯುವುದು, ಮಂಕಾಗುವುದು ಅದರ ಗುರುತು. ಆಗ ಮಾಡಬೇಕಾದ ಆಪರೇಷನ್ ದುಬಾರಿಯೂ ಹೌದು, ಅಪಾಯವೂ ಹೌದು. ಮೊದಲೇ ಮಾಡಿಸಿದ್ದರೆ ಉಚಿತ ಶಿಬಿರದಲ್ಲೇ ಮುಗಿಯುತ್ತಿತ್ತೇನೋ.

ಹೆಜ್ಜೆ 4: ಈಗಲೇ ಓಡಬೇಕಾ, ನಾಳೆ ಬೆಳಗ್ಗೆ ಆದೀತಾ?

ಒಂದೇ ಒಂದು ಸಲದ ಗಾಡಿ ಬಾಡಿಗೆಗೆ ಮಾತ್ರ ದುಡ್ಡಿರುವವರಿಗೆ ಈ ಪ್ರಶ್ನೆ ಜೀವ-ಸಾವಿನದು. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನ ಮಾಡೋಣ.

ಕಾಯಲೇಬಾರದ್ದು ಇವು. ವಸಡು ಬಿಳಿ, ನೀಲಿ ಅಥವಾ ಬೂದಿ ಬಣ್ಣಕ್ಕೆ ತಿರುಗಿದರೆ. ಉಸಿರಾಡಲು ಒದ್ದಾಡಿದರೆ, ಬೆಕ್ಕು ಬಾಯಿ ತೆರೆದು ಉಸಿರಾಡಿದರಂತೂ ಒಂದು ನಿಮಿಷವೂ ತಡಮಾಡಬೇಡಿ. ಫಿಟ್ಸ್ ಐದು ನಿಮಿಷ ದಾಟಿದರೆ, ಇಲ್ಲವೇ ಒಂದೇ ದಿನದಲ್ಲಿ ಮತ್ತೆ ಮತ್ತೆ ಬಂದರೆ. ದೊಡ್ಡ ಜಾತಿಯ ನಾಯಿ ವಾಂತಿಗೆ ಒದ್ದಾಡುತ್ತಿದೆ, ಏನೂ ಬರುತ್ತಿಲ್ಲ, ಹೊಟ್ಟೆ ಡೋಲಿನ ಹಾಗೆ ಉಬ್ಬುತ್ತಿದೆ ಅಂದರೆ. ಅದರ ಹೊಟ್ಟೆ ತಿರುಚಿಕೊಂಡಿರಬಹುದು. ಹೆರಿಗೆಯಲ್ಲಿ ಜೋರಾಗಿ ಮುಕ್ಕಿ ಮುಕ್ಕಿ ಅರ್ಧ ಗಂಟೆಯಾದರೂ ಮರಿ ಬಾರದಿದ್ದರೆ. ಹಾವು ಕಚ್ಚಿದರೆ, ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಏನೂ ಬೇಡ, ನಡೆಸಬೇಡಿ, ಹೊತ್ತುಕೊಂಡು ಹೋಗಿ.

ಗಂಡು ಬೆಕ್ಕಿನದು ಬೇರೆಯೇ ಹೇಳಬೇಕು. ಮತ್ತೆ ಮತ್ತೆ ಮೂತ್ರಕ್ಕೆ ಕೂರುತ್ತದೆ, ಕೂಗುತ್ತದೆ, ಹನಿಯೂ ಬರುವುದಿಲ್ಲ. ಮನೆಯವರು ಮಲಬದ್ಧತೆ ಅಂದುಕೊಂಡು ಎಣ್ಣೆ ಕುಡಿಸುತ್ತಾ ಕೂರುತ್ತಾರೆ. ನಾನೂ ಒಮ್ಮೆ ಹಾಗೆಯೇ ಮೋಸಹೋದೆ. ಮೂತ್ರನಾಳ ಕಟ್ಟಿಕೊಂಡ ಬೆಕ್ಕು ಎರಡು ಮೂರು ದಿನದಲ್ಲಿ ಸಾಯುತ್ತದೆ. ಅವತ್ತೇ ಕರೆದೊಯ್ದರೆ ಬಹಳಷ್ಟು ಉಳಿಯುತ್ತವೆ.

ಮರಿಗಳಲ್ಲಿ ವಾಂತಿ ಭೇದಿ ಎರಡೂ ಇದ್ದರೆ ಅವತ್ತೇ ಹೋಗಬೇಕು. ಅವುಗಳ ಮೈಯಲ್ಲಿ ನೀರಿನ ದಾಸ್ತಾನು ಇರುವುದೇ ಅಷ್ಟು. ಭುಜದ ಮೇಲಿನ ಚರ್ಮ ಹಿಡಿದೆತ್ತಿ ಬಿಡಿ. ಟಪ್ಪನೆ ಕೆಳಗೆ ಕೂರದೆ ಗುಡಾರದ ಹಾಗೆ ನಿಂತರೆ ನೀರು ಬಹಳ ಕಡಿಮೆಯಾಗಿದೆ ಅಂತ ಅರ್ಥ.

ಬಿಸಿಲಿನ ಹೊಡೆತಕ್ಕೆ ನಾಯಿ ಕುಸಿದುಬಿದ್ದರೆ ಕ್ರಮ ಉಲ್ಟಾ: ಮೊದಲು ತಂಪು, ಆಮೇಲೆ ಪ್ರಯಾಣ. ನೆರಳಿಗೆ ತನ್ನಿ, ಮೈತುಂಬ ನೀರು ಸುರಿಯಿರಿ, ಗಾಳಿ ಬೀಸಿ. ಮುಖಕ್ಕೆ, ಮೂಗಿಗೆ ನೀರು ಹೋಗದಿರಲಿ. ಒದ್ದೆ ಬಟ್ಟೆ ಹೊದೆಸಿ ಹಾಗೇ ಬಿಟ್ಟರೆ ಬಿಸಿ ಒಳಗೇ ಉಳಿಯುತ್ತದೆ. ಸ್ವಲ್ಪ ತಣ್ಣಗಾದ ಮೇಲೆ ಹೊರಡಿ. ಎದ್ದು ನಿಂತರೂ ಡಾಕ್ಟರಿಗೆ ತೋರಿಸಲೇಬೇಕು.

ನಾಳೆ ಬೆಳಗ್ಗೆ ಆದೀತು ಅನ್ನುವವು: ಬೆಳೆದ ನಾಯಿ ಒಂದು ಹೊತ್ತು ಊಟ ಬಿಟ್ಟಿದೆ ಆದರೆ ಚುರುಕಾಗಿದೆ, ಒಂದೆರಡು ಸಲ ತೆಳ್ಳಗೆ ಭೇದಿಯಾಗಿದೆ, ಸ್ವಲ್ಪ ಕುಂಟುತ್ತಿದೆ ಆದರೆ ಕಾಲು ಊರುತ್ತಿದೆ, ಕಿವಿ ಕೆರೆದುಕೊಳ್ಳುತ್ತಿದೆ. ಬೆಕ್ಕು ಮಾತ್ರ ಎರಡು ದಿನ ಪೂರ್ತಿ ಉಪವಾಸ ಇರಬಾರದು, ಅದರಲ್ಲೂ ದಪ್ಪ ಬೆಕ್ಕು. ಯಕೃತ್ತಿನಲ್ಲಿ ಕೊಬ್ಬು ತುಂಬಿ ಹೊಸ ಕಾಯಿಲೆಯೇ ಶುರುವಾಗುತ್ತದೆ.

ಹೆಜ್ಜೆ 5: ಮನೆಯಲ್ಲಿ ಮಾಡಬಹುದಾದದ್ದು, ಮಾಡಲೇಬಾರದ್ದು

ಡಾಕ್ಟರ್ ದೂರ ಇರುವ ಕಡೆ ಔಷಧದ ಅಂಗಡಿ ಹತ್ತಿರ ಇರುತ್ತದೆ. ಅಪಾಯ ಶುರುವಾಗುವುದೇ ಅಲ್ಲಿ. ಪ್ಯಾರಾಸಿಟಮಾಲ್ ಮಾತ್ರೆ ಒಂದೇ ಒಂದು ಸಾಕು, ಬೆಕ್ಕು ಸಾಯುತ್ತದೆ. ಅದರ ಯಕೃತ್ತಿಗೆ ಆ ಔಷಧವನ್ನು ಅರಗಿಸುವ ಶಕ್ತಿ ಇಲ್ಲ. ರಕ್ತಕ್ಕೆ ಆಮ್ಲಜನಕ ಹೊರಲು ಆಗದೆ ವಸಡು ಕಂದು ಬಣ್ಣಕ್ಕೆ ತಿರುಗುತ್ತದೆ. ಐಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡ ಕೆಡಿಸುತ್ತವೆ. ನಾಯಿಯ ಮೈಮೇಲಿನ ಉಣ್ಣಿಗೆ ಹಾಕುವ ಪರ್ಮೆಥ್ರಿನ್ ಔಷಧ ಬೆಕ್ಕಿಗೆ ವಿಷ. ‘ಎರಡೂ ಪ್ರಾಣಿಯೇ ಅಲ್ವಾ, ಸ್ವಲ್ಪ ಕಡಿಮೆ ಹಾಕಿದರಾಯ್ತು’ ಅನ್ನುವುದು ನಡೆಯುವುದಿಲ್ಲ. ಹಿಂದಿನ ಸಲ ಉಳಿದ ಆಂಟಿಬಯಾಟಿಕ್ ಕೊಡುವುದೂ ಬೇಡ.

ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಸಕ್ಕರೆ ಬದಲು ಜೈಲಿಟಾಲ್ ಹಾಕಿದ ಚೂಯಿಂಗ್ ಗಮ್: ಇವು ನಾಯಿಯ ಬಾಯಿಗೆ ಹೋಗಬಾರದು. ಏನಾದರೂ ವಿಷ ತಿಂದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಉಪ್ಪೇ ಇನ್ನೊಂದು ವಿಷವಾಗುತ್ತದೆ. ತಿಂದದ್ದರ ಪೊಟ್ಟಣ, ಎಷ್ಟು ತಿಂದಿತು, ಎಷ್ಟು ಗಂಟೆಗೆ, ಇಷ್ಟನ್ನು ಹಿಡಿದುಕೊಂಡು ಡಾಕ್ಟರಿಗೆ ಫೋನ್ ಮಾಡಿ.

ಮಾಡಬಹುದಾದದ್ದೂ ಇದೆ. ರಕ್ತ ಸುರಿಯುತ್ತಿದ್ದರೆ ಶುಭ್ರ ಬಟ್ಟೆ ಇಟ್ಟು ಹತ್ತು ನಿಮಿಷ ಒತ್ತಿಹಿಡಿಯಿರಿ. ನಿಂತಿತಾ ಅಂತ ನಡುನಡುವೆ ಎತ್ತಿ ನೋಡಬೇಡಿ. ಬಟ್ಟೆ ನೆನೆದರೆ ಅದರ ಮೇಲೆಯೇ ಇನ್ನೊಂದು ಇಡಿ. ಸಣ್ಣ ಗಾಯಕ್ಕೆ ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು ಹಾಕಿ ತೊಳೆಯಿರಿ. ಗಾಯದಲ್ಲಿ ಹುಳ ಕಂಡರೆ ಸೀಮೆಎಣ್ಣೆ, ಟರ್ಪೆಂಟೈನ್ ಸುರಿಯಬೇಡಿ. ಹುಳದ ಜೊತೆ ಮಾಂಸವೂ ಸುಡುತ್ತದೆ, ಪ್ರಾಣಿ ನೆಕ್ಕಿ ಹೊಟ್ಟೆಗೂ ಹೋಗುತ್ತದೆ. ಸುತ್ತಲಿನ ಕೂದಲು ಕತ್ತರಿಸಿ, ಉಪ್ಪುನೀರಿನಲ್ಲಿ ತೊಳೆದು, ನೊಣ ಕೂರದ ಹಾಗೆ ಸಡಿಲವಾಗಿ ಮುಚ್ಚಿ ಕರೆದೊಯ್ಯಿರಿ.

ಹೆಜ್ಜೆ 6: ಫೋನಿನಲ್ಲಿ ಏನು ಹೇಳಬೇಕು?

‘ನಾಯಿ ಹುಷಾರಿಲ್ಲ’ ಅಂದರೆ ಡಾಕ್ಟರಿಗೆ ಏನೂ ತಿಳಿಯದು. ಹೀಗೆ ಹೇಳಿ ನೋಡಿ: ‘ಹೆಣ್ಣು ನಾಯಿ, ಎರಡು ವರ್ಷ, 14 ಕೆಜಿ. ನಿನ್ನೆ ಸಂಜೆಯಿಂದ ಐದು ಸಲ ವಾಂತಿ, ಹಳದಿ ನೀರು. ಭೇದಿ ಇಲ್ಲ. ಬೆಳಗ್ಗೆ ಮೂತ್ರ ಮಾಡಿದೆ. ವಸಡು ಗುಲಾಬಿ ಇದೆ. ಕಳೆದ ವರ್ಷ ಲಸಿಕೆ ಆಗಿದೆ.’ ಅರ್ಧ ನಿಮಿಷದ ಮಾತು. ನೋಟ್‌ಬುಕ್ ಇದ್ದರೆ ಸಲೀಸು. ಕುಂಟುವುದು, ಕೆಮ್ಮು, ಫಿಟ್ಸ್ ಇಂಥವನ್ನು ವಿಡಿಯೋ ಮಾಡಿಟ್ಟುಕೊಳ್ಳಿ. ಆಸ್ಪತ್ರೆ ಮುಟ್ಟಿದ ಕೂಡಲೇ ನಾಯಿ ಕುಂಟುವುದನ್ನೇ ನಿಲ್ಲಿಸಿ ನಿಮ್ಮನ್ನು ಸುಳ್ಳುಗಾರರನ್ನಾಗಿ ಮಾಡುತ್ತದೆ.

ಏನಾದರೂ ಔಷಧ ಆಗಲೇ ಕೊಟ್ಟಿದ್ದರೆ ಮುಚ್ಚಿಡಬೇಡಿ. ಬೈಸಿಕೊಂಡರೂ ಪರವಾಗಿಲ್ಲ. ಅದು ಗೊತ್ತಿಲ್ಲದೆ ಇನ್ನೊಂದು ಔಷಧ ಕೊಟ್ಟರೆ ಪ್ರಾಣಿ ತಡೆಯುವುದಿಲ್ಲ.

ಹೆಜ್ಜೆ 7: ದುಡ್ಡಿನ ಮಾತು, ಮೊದಲೇ

ನನ್ನ ಅನುಭವದಲ್ಲಿ ಜನ ಸೋಲುವುದು ಇಲ್ಲಿ. ಕೈಯಲ್ಲಿ ಎಷ್ಟಿದೆ ಅಂತ ಹೇಳಲು ನಾಚಿಕೆ. ಹೇಳಿದ ಪರೀಕ್ಷೆಗಳಿಗೆಲ್ಲ ತಲೆಯಾಡಿಸುತ್ತಾರೆ. ರಕ್ತಪರೀಕ್ಷೆ, ಎಕ್ಸ್‌ರೇಗೆ ದುಡ್ಡು ಮುಗಿಯುತ್ತದೆ. ಕಾಯಿಲೆ ಏನೆಂದು ಗೊತ್ತಾಗುವ ಹೊತ್ತಿಗೆ ಔಷಧಕ್ಕೆ ಕಾಸಿಲ್ಲ. ಹೀಗೆ ಮನೆಗೆ ಬಂದ ಒಂದು ನಾಯಿಯನ್ನು ನಾನು ಇವತ್ತಿಗೂ ಮರೆತಿಲ್ಲ.

ಒಳಗೆ ಹೋದ ತಕ್ಷಣ ಹೇಳಿ: ‘ಡಾಕ್ಟ್ರೇ, ನನ್ನ ಹತ್ತಿರ ಇವತ್ತು ಇಷ್ಟಿದೆ. ತಿಂಗಳ ಕೊನೆಗೆ ಇನ್ನಿಷ್ಟು ಕೊಡಬಲ್ಲೆ. ಇದರೊಳಗೆ ಯಾವುದು ಮೊದಲು ಮಾಡಬೇಕು?’ ಒಳ್ಳೆಯ ಪಶುವೈದ್ಯರಿಗೆ ಈ ಪ್ರಶ್ನೆ ಅವಮಾನವಲ್ಲ. ಒಂದೇ ಕಾಯಿಲೆಗೆ ಅತಿ ದುಬಾರಿ ಚಿಕಿತ್ಸೆಯಿಂದ ಹಿಡಿದು ಸರಳ ಚಿಕಿತ್ಸೆಯವರೆಗೆ ಹಲವು ಮೆಟ್ಟಿಲುಗಳಿರುತ್ತವೆ. ಯಾವ ಮೆಟ್ಟಿಲು ಈ ಮನೆಗೆ, ಈ ಪ್ರಾಣಿಗೆ ಹೊಂದುತ್ತದೆ ಅಂತ ನೋಡುವುದನ್ನು ಈಗೀಗ ಪಶುವೈದ್ಯ ಶಿಕ್ಷಣದಲ್ಲೇ ಕಲಿಸಲು ಶುರುಮಾಡಿದ್ದಾರೆ.

ಪಾರ್ವೋವನ್ನೇ ತೆಗೆದುಕೊಳ್ಳಿ. ದಿನಗಟ್ಟಲೆ ಆಸ್ಪತ್ರೆಯಲ್ಲಿಟ್ಟು ಡ್ರಿಪ್ ಹಾಕುವುದೇ ದಾರಿ, ಇಲ್ಲದಿದ್ದರೆ ದಯಾಮರಣ ಅನ್ನುವಂತಿತ್ತು. ಕೊಲೊರಾಡೊ ಸ್ಟೇಟ್ ಯೂನಿವರ್ಸಿಟಿಯವರು ನಲವತ್ತು ನಾಯಿಗಳನ್ನು ಎರಡು ಗುಂಪು ಮಾಡಿ ನೋಡಿದರು. ಒಂದು ಗುಂಪಿಗೆ ಪೂರ್ತಿ ಆಸ್ಪತ್ರೆ ಚಿಕಿತ್ಸೆ. ಇನ್ನೊಂದಕ್ಕೆ ಮೊದಲು ಒಮ್ಮೆ ರಕ್ತನಾಳದ ಮೂಲಕ ದ್ರವ ಕೊಟ್ಟು, ಆಮೇಲೆ ಚರ್ಮದಡಿಗೆ ದ್ರವ, ವಾಂತಿ ನಿಲ್ಲಿಸುವ ಇಂಜೆಕ್ಷನ್, ಬಹುದಿನ ಕೆಲಸ ಮಾಡುವ ಆಂಟಿಬಯಾಟಿಕ್. ಮನೆಯಿಂದ ಬಂದುಹೋಗಿ ಮಾಡುವಂಥ ಚಿಕಿತ್ಸೆ. 2017ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮೊದಲ ಗುಂಪಿನಲ್ಲಿ ನೂರಕ್ಕೆ 90 ಉಳಿದವು, ಎರಡನೆಯದರಲ್ಲಿ 80. ವ್ಯತ್ಯಾಸ ಇಲ್ಲ ಅನ್ನುವುದಿಲ್ಲ. ಆದರೆ ‘ಅಡ್ಮಿಟ್ ಮಾಡೋಕೆ ಆಗಲ್ಲ’ ಅಂದ ಮಾತ್ರಕ್ಕೆ ಮರಿಯನ್ನು ಸಾಯಲು ಬಿಡಬೇಕಾಗಿಲ್ಲ. ‘ಮನೆಯಿಂದಲೇ ಬಂದುಹೋಗಿ ಮಾಡುವ ಚಿಕಿತ್ಸೆ ಇದೆಯಾ?’ ಅಂತ ಕೇಳಿ.

ಕೇಳಬೇಕಾದ ಇನ್ನೆರಡು ಪ್ರಶ್ನೆಗಳು. ‘ಈ ಪರೀಕ್ಷೆ ಮಾಡಿಸಿದರೆ ಕೊಡುವ ಔಷಧ ಬದಲಾಗುತ್ತದಾ?’ ಬದಲಾಗದಿದ್ದರೆ ಅದನ್ನು ಮುಂದಕ್ಕೆ ಹಾಕಬಹುದೇನೋ. ‘ಇದೇ ಔಷಧ ಬೇರೆ ಹೆಸರಿನಲ್ಲಿ ಕಡಿಮೆಗೆ ಸಿಗುತ್ತದಾ?’ ಹೊರಡುವ ಮೊದಲು ಔಷಧ ಎಷ್ಟು ದಿನ, ದಿನಕ್ಕೆ ಎಷ್ಟು ಸಲ, ಏನಾದರೆ ವಾಪಸ್ ಬರಬೇಕು ಅಂತ ಬರೆಸಿಕೊಳ್ಳಿ. ಮರುಭೇಟಿಯ ಬದಲು ಫೋಟೋ ಕಳಿಸಿದರೆ ಸಾಕಾ ಅಂತಲೂ ಕೇಳಿ. ಒಂದು ದಿನದ ಕೂಲಿ ಉಳಿಯುತ್ತದೆ.

ಕೆಲವೊಮ್ಮೆ ಉಳಿಸಲು ಆಗುವುದಿಲ್ಲ. ನೋವಿಲ್ಲದ ಸಾವು ಕೊಡಿಸುವುದೂ ಚಿಕಿತ್ಸೆಯೇ. ದುಡ್ಡಿಲ್ಲದವರು ಆ ಮಾತನ್ನು ಎತ್ತಲು ಹಿಂಜರಿಯುತ್ತಾರೆ, ಹಣ ಉಳಿಸಲು ಕೊಲ್ಲಿಸಿದರು ಅಂದಾರು ಅಂತ. ಅನ್ನಲಿ ಬಿಡಿ.

ಹೆಜ್ಜೆ 8: ಒಂದು ಮನೆಯಿಂದ ಆಗದ್ದು ಹತ್ತು ಮನೆಯಿಂದ

1917ರಲ್ಲಿ, ಮೊದಲನೇ ಮಹಾಯುದ್ಧದ ನಡುವೆ, ಲಂಡನ್ನಿನ ವೈಟ್‌ಚಾಪೆಲ್ ಅನ್ನುವ ಬಡವರ ಕೇರಿಯ ಒಂದು ನೆಲಮಾಳಿಗೆಯಲ್ಲಿ ಮರಿಯಾ ಡಿಕಿನ್ ಎಂಬಾಕೆ ಉಚಿತ ಚಿಕಿತ್ಸಾಲಯ ತೆರೆದರು. ಆಕೆ ಪಶುವೈದ್ಯೆಯಲ್ಲ. ಪಿಡಿಎಸ್‌ಎ ಎಂಬ ಆ ಸಂಸ್ಥೆ ಇವತ್ತಿಗೂ ನಡೆಯುತ್ತಿದೆ. ಇನ್ನೊಂದು ಉದಾಹರಣೆ ಆಫ್ರಿಕಾದ್ದು. ದನಗಳ ಪ್ಲೇಗ್ ಅನ್ನಿಸಿಕೊಂಡ ರಿಂಡರ್‌ಪೆಸ್ಟ್ 2011ರಲ್ಲಿ ಭೂಮಿಯಿಂದಲೇ ಅಳಿಯಿತು. ಡಾಕ್ಟರೇ ಹೋಗಲಾರದ ಜಾಗಗಳಲ್ಲಿ, ಬಿಸಿಗೆ ಕೆಡದ ಲಸಿಕೆ ಹಿಡಿದು ನಡೆದುಹೋಗಿ ಹಾಕಿದವರು ತರಬೇತಿ ಪಡೆದ ದನಗಾಹಿಗಳೇ.

ನೀವು ಅಷ್ಟು ದೂರ ಹೋಗಬೇಕಿಲ್ಲ. ಒಂದು ಲಸಿಕೆ ಶಿಬಿರ ಸಾಕು. ಮೊದಲು ಮನೆಮನೆಗೆ ಹೋಗಿ ಎಣಿಸಿ: ಎಷ್ಟು ನಾಯಿ, ಎಷ್ಟು ಬೆಕ್ಕು, ಯಾವುದಕ್ಕೆ ಲಸಿಕೆ ಆಗಿದೆ. ಬೀದಿ ನಾಯಿಗಳನ್ನೂ ಸೇರಿಸಿ. ಒಂದು ಪ್ರದೇಶದ ನೂರರಲ್ಲಿ 70 ನಾಯಿಗೆ ರೇಬೀಸ್ ಲಸಿಕೆ ಆದರೆ ರೋಗ ಹರಡುವ ಸರಪಳಿ ತುಂಡಾಗುತ್ತದೆ. ಆ ಪಟ್ಟಿ ಹಿಡಿದುಕೊಂಡು ಪಶು ಆಸ್ಪತ್ರೆಗೋ ಸಂಘಕ್ಕೋ ಹೋಗಿ. ‘ಶಿಬಿರ ಮಾಡಿ’ ಅಂತ ಬರೀಗೈಯಲ್ಲಿ ಕೇಳುವುದಕ್ಕೂ ‘ನಮ್ಮಲ್ಲಿ 63 ನಾಯಿ, 20 ಬೆಕ್ಕು ಇವೆ, ಹಿಡಿದುಕೊಳ್ಳಲು ಆರು ಜನ ಇದ್ದೇವೆ, ನೆರಳಿರುವ ಜಾಗ ಇದೆ’ ಅನ್ನುವುದಕ್ಕೂ ಬಹಳ ವ್ಯತ್ಯಾಸ. ಎರಡನೆಯದಕ್ಕೆ ಇಲ್ಲ ಅನ್ನುವುದು ಕಷ್ಟ.

ಜನ ಕೆಲಸಕ್ಕೆ ಹೋಗುವ ಮೊದಲೇ, ಬೆಳಗ್ಗೆ ಬೇಗ ಶುರುಮಾಡಿ. ಬೆಕ್ಕುಗಳಿಗೆ ಬೇರೆ ಹೊತ್ತು ಕೊಡಿ, ನಾಯಿಗಳ ಸಾಲಿನಲ್ಲಿ ಅವನ್ನು ನಿಲ್ಲಿಸಬೇಡಿ. ಹಗ್ಗ ಇಲ್ಲದ ನಾಯಿಗೆ ಕಟ್ಟಲು ಒಂದು ಕಟ್ಟು ಹಗ್ಗ, ಬಕೆಟ್ ನೀರು, ಸೋಪು ಇಟ್ಟಿರಿ. ದೊಡ್ಡ ನಾಯಿಗಳನ್ನು ಸಣ್ಣ ಮಕ್ಕಳ ಕೈಗೆ ಕೊಟ್ಟು ಕಳಿಸಬೇಡಿ ಅಂತ ಹಿಂದಿನ ದಿನವೇ ಹೇಳಿ. ಹುಷಾರಿಲ್ಲದ ಮರಿಗಳನ್ನು ಸಾಲಿಗೆ ತರಬಾರದು, ಒಂದು ಪಾರ್ವೋ ಮರಿ ಇಡೀ ಶಿಬಿರಕ್ಕೆ ಹಂಚಿಬಿಡುತ್ತದೆ. ಲಸಿಕೆ ಹಾಕಿದ ಮೇಲೆ ಅರ್ಧ ಗಂಟೆ ಅಲ್ಲೇ ಇರಿಸಿಕೊಳ್ಳಿ. ಮುಖ ಊದಿಕೊಂಡರೆ, ವಾಂತಿಯಾದರೆ ಡಾಕ್ಟರ್ ಎದುರಿಗೇ ಇರುತ್ತಾರೆ.

ಯಾರಿಗೂ ಬೈಯಬೇಡಿ. ಉಣ್ಣಿ ತುಂಬಿದ ನಾಯಿಯನ್ನು ಹಿಡಿದುಕೊಂಡು ಬಂದವರು ಬಂದಿದ್ದಾರಲ್ಲ, ಅಷ್ಟು ಸಾಕು. ಒಮ್ಮೆ ಬೈಸಿಕೊಂಡವರು ಮುಂದಿನ ಸಲ ಮೂರು ದಿನ ಅಲ್ಲ, ಆರು ದಿನ ಕಾಯುತ್ತಾರೆ.

ಹೋಗುವಾಗ ಎಲ್ಲರಿಗೂ ಒಂದೊಂದು ಚೀಟಿ ಕೊಡಿ: ಇವತ್ತು ಏನು ಹಾಕಿದರು, ಮುಂದಿನ ಡೋಸ್ ಯಾವಾಗ, ರಾತ್ರಿ ತುರ್ತಿಗೆ ಯಾವ ನಂಬರ್. ನಕಲು ನಿಮ್ಮ ನೋಟ್‌ಬುಕ್ಕಿನಲ್ಲಿ ಇರಲಿ. ಮುಂದಿನ ಡೋಸ್‌ಗೆ ಎರಡು ದಿನ ಮೊದಲು ಮರಿಗಳಿರುವ ಮನೆಗಳ ಬಾಗಿಲು ತಟ್ಟಿ ನೆನಪಿಸಿ. ಅರ್ಧ ಜನ ಮರೆತಿರುತ್ತಾರೆ. ಇನ್ನು ಕೆಲವರು ಚೀಟಿಯನ್ನೇ ನಾಯಿಗೆ ತಿನ್ನಲು ಕೊಟ್ಟಿರುತ್ತಾರೆ.